ಮೂರು ತಿಂಗಳ ಮಳಿಗೆ, ವರ್ಷವಿಡೀ ಕೊಟ್ಟಿಗೆ

ದಸರಾ ಹತ್ತಿರ ಬಂತೆಂದರೆ ಮೈಸೂರು ಸುತ್ತಮುತ್ತಲಿನ ಮಹಿಳಾ ಡೈರಿಗಳಲ್ಲಿ, ಸ್ವಸಹಾಯ ಸಂಘಗಳ ಸಭೆಗಳಲ್ಲಿ ಒಂದು ಮಾತು ಏಳುತ್ತದೆ: "ವಸ್ತುಪ್ರದರ್ಶನದಲ್ಲಿ ನಾವೂ ಒಂದು ತಿಂಡಿ ಮಳಿಗೆ ಹಾಕಿದರೆ ಹೇಗೆ? ಹಾಲು ನಮ್ಮದೇ, ಮೊಸರು ನಮ್ಮದೇ, ಕೈರುಚಿಯೂ ಇದೆ. ಡೈರಿಗೆ ಲೀಟರಿಗೆ ಇಷ್ಟು ಅಂತ ಹಾಕುವ ಹಾಲನ್ನೇ ಲೋಟಕ್ಕೆ ಇಷ್ಟು ಅಂತ ಮಾರಬಹುದಲ್ಲ?"

ಕೇಳಬೇಕಾದ ಪ್ರಶ್ನೆಯೇ. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಅಲೆದರು ಎಂಬ ಮಾತು ನಮಗೆ ಬರಬಾರದು. ಆದರೆ ಉತ್ತರ ಹೇಳುವ ಮೊದಲು ಲೆಕ್ಕ ಹಾಕಬೇಕು. ಮಳಿಗೆಯ ಲೆಕ್ಕ ಒಂದೇ ಅಲ್ಲ, ಕೊಟ್ಟಿಗೆಯ ಲೆಕ್ಕವನ್ನೂ ಹಾಕಬೇಕು.

ಮೈದಾನದ ಸ್ವಭಾವ

ಮೈಸೂರಿನ ದಸರಾ ವಸ್ತುಪ್ರದರ್ಶನ 1880ರಲ್ಲಿ ಹತ್ತನೆಯ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ಆರಂಭವಾದದ್ದು. ಈಗ ಅರಮನೆ ಎದುರಿನ ದೊಡ್ಡಕೆರೆ ಮೈದಾನದಲ್ಲಿ ಕರ್ನಾಟಕ ವಸ್ತುಪ್ರದರ್ಶನ ಪ್ರಾಧಿಕಾರ ಇದನ್ನು ನಡೆಸುತ್ತದೆ. ದಸರಾ ಹೊತ್ತಿಗೆ ಶುರುವಾಗಿ ಸುಮಾರು 90 ದಿನ ನಡೆಯುತ್ತದೆ. ಸರ್ಕಾರಿ ಇಲಾಖೆಗಳ ಮಳಿಗೆ, ಬಟ್ಟೆ-ಪಾತ್ರೆ ಅಂಗಡಿಗಳ ಜೊತೆಗೆ ಜೈಂಟ್ ವೀಲ್, ಕೊಲಂಬಸ್, ಮಕ್ಕಳ ರೈಲು ಇರುವ ಅಮ್ಯೂಸ್‌ಮೆಂಟ್ ಪಾರ್ಕ್ ಅಲ್ಲಿ ತಲೆ ಎತ್ತುತ್ತದೆ. ಅದರ ಪಕ್ಕದಲ್ಲೇ ಡೆಲ್ಲಿ ಹಪ್ಪಳ, ಮೆಣಸಿನಕಾಯಿ ಬಜ್ಜಿ, ಚುರುಮುರಿ, ಗೋಬಿ ಮಂಚೂರಿಗಳ ಸಾಲು. ಡೆಲ್ಲಿ ಹಪ್ಪಳ ತಿನ್ನದೆ ಎಕ್ಸಿಬಿಷನ್ ನೋಡಿದ ಹಾಗೇ ಅಲ್ಲ ಎನ್ನುವವರು ಮೈಸೂರಿನಲ್ಲಿ ಬಹಳ ಮಂದಿ.

ಇಂಥ ಕಡೆಯ ವ್ಯಾಪಾರಕ್ಕೂ ಊರಿನ ಹೋಟೆಲ್ ವ್ಯಾಪಾರಕ್ಕೂ ಮೂರು ವ್ಯತ್ಯಾಸಗಳಿವೆ.

ಒಂದು, ಜನ ಹೊತ್ತು ನೋಡಿ ಬರುತ್ತಾರೆ. ವಾರದ ದಿನಗಳಲ್ಲಿ ಮಧ್ಯಾಹ್ನ ದಾಟಿದ ಮೇಲೆ ಒಬ್ಬೊಬ್ಬರಾಗಿ ಬರತೊಡಗಿ, ದೀಪ ಹತ್ತಿದ ನಂತರ ತುಂಬಿಕೊಳ್ಳುತ್ತಾರೆ. ಮೂರು ಗಂಟೆಯೊಳಗೆ ದಿನದ ಬಹುಪಾಲು ವ್ಯಾಪಾರ ಮುಗಿದುಹೋಗುತ್ತದೆ. ಆ ಹೊತ್ತಿನಲ್ಲಿ ಒಬ್ಬರಿಗೆ ತಿಂಡಿ ಕೊಡಲು ಐದು ನಿಮಿಷ ತೆಗೆದುಕೊಂಡರೆ ಹಿಂದೆ ನಿಂತ ಹತ್ತು ಮಂದಿ ಪಕ್ಕದ ಅಂಗಡಿಗೆ ಹೋಗುತ್ತಾರೆ. ಹಾಗಾಗಿ ಹನ್ನೆರಡು ಬಗೆಯ ತಿಂಡಿಗಿಂತ ಮೂರು ನಾಲ್ಕು ಬಗೆ, ಕೇಳಿದೊಡನೆ ಕೈಗೆ ಸಿಗುವಂತಿರುವುದು ಮೇಲು.

ಎರಡು, ವಾರದ ಏಳು ದಿನವೂ ಒಂದೇ ಸಮ ಇರುವುದಿಲ್ಲ. 90 ದಿನಗಳಲ್ಲಿ ಶನಿವಾರ, ಭಾನುವಾರ ಸೇರಿ ಸುಮಾರು 26 ದಿನ. ದಸರಾ ರಜೆ, ದೀಪಾವಳಿ, ಕ್ರಿಸ್ಮಸ್ ರಜೆ ಬಿಟ್ಟರೆ ಉಳಿದ ದಿನ ಮಂದ. ನವೆಂಬರ್ ನಂತರ ಶಾಲಾ ಪ್ರವಾಸದ ಬಸ್ಸುಗಳೂ ಶಬರಿಮಲೆಗೆ ಹೋಗಿಬರುವ ಮಾಲಾಧಾರಿಗಳೂ ಮೈಸೂರಿಗೆ ಬರುತ್ತಾರೆ. ಶುದ್ಧ ಸಸ್ಯಾಹಾರದ ಮಳಿಗೆಗೆ ಅದು ಒಳ್ಳೆಯ ಕಾಲ.

ಮೂರು, ಹವಾಮಾನ. ಅಕ್ಟೋಬರ್ ಮೈಸೂರಿನಲ್ಲಿ ಮಳೆಯ ತಿಂಗಳು. ಸಂಜೆ ಏಳಕ್ಕೆ ಮಳೆ ಹೊಡೆದರೆ ಆ ದಿನದ ವ್ಯಾಪಾರ ಹೋಯಿತು, ಬಾಡಿಗೆ ಮಾತ್ರ ನಿಲ್ಲುವುದಿಲ್ಲ. ಡಿಸೆಂಬರ್ ಚಳಿಯಲ್ಲಿ ಮಜ್ಜಿಗೆ ಕೇಳುವವರು ಕಡಿಮೆ, ಬಿಸಿ ಬಾದಾಮಿ ಹಾಲು ಕೇಳುವವರು ಹೆಚ್ಚು. ಮೊದಲ ತಿಂಗಳ ಪಟ್ಟಿಯನ್ನೇ ಕೊನೆಯ ತಿಂಗಳಿಗೂ ಇಟ್ಟುಕೊಂಡು ಕೂರಬಾರದು.

ಹತ್ತು ಲೀಟರ್ ಹಾಲಿನ ಲೆಕ್ಕ

ಈಗ ಕಾಸಿನ ಲೆಕ್ಕಕ್ಕೆ ಬರೋಣ. ಕೆಳಗಿನ ದರಗಳು ಉದಾಹರಣೆಗೆ ಮಾತ್ರ. ನಿಮ್ಮ ಬಟವಾಡೆ ಚೀಟಿಯ ದರ, ನಿಮ್ಮ ಪೇಟೆಯ ದರ ಹಾಕಿ ನೀವೇ ಇನ್ನೊಮ್ಮೆ ಲೆಕ್ಕ ಮಾಡಿ.

ಹತ್ತು ಲೀಟರ್ ಹಾಲು ಸಂಘಕ್ಕೆ ಹಾಕಿದರೆ ಲೀಟರಿಗೆ 38 ರೂಪಾಯಿಯಂತೆ 380 ರೂಪಾಯಿ. ಅದೇ ಹಾಲನ್ನು ಹೆಪ್ಪು ಹಾಕಿ, ಒಂದು ಪಾಲು ಮೊಸರಿಗೆ ಎರಡು ಪಾಲು ನೀರು ಬೆರೆಸಿ ಮಸಾಲೆ ಮಜ್ಜಿಗೆ ಮಾಡಿದರೆ 30 ಲೀಟರ್ ಆಗುತ್ತದೆ. 200 ಮಿಲಿಲೀಟರ್ ಲೋಟದಲ್ಲಿ 150 ಲೋಟ. ಲೋಟಕ್ಕೆ 15 ರೂಪಾಯಿ ಎಂದರೆ 2,250 ರೂಪಾಯಿ. 380 ಎಲ್ಲಿ, 2,250 ಎಲ್ಲಿ! ಇಷ್ಟಕ್ಕೇ ನಿಲ್ಲಿಸಿದರೆ ಯಾರಿಗಾದರೂ ಆಸೆಯಾಗುತ್ತದೆ.

ಇದರಲ್ಲಿ ಕಳೆಯಬೇಕಾದ್ದು: ಹಾಲಿನ ಬೆಲೆ 380, ಕುಡಿಯುವ ನೀರು, ಹಸಿಮೆಣಸಿನಕಾಯಿ, ಶುಂಠಿ, ಕೊತ್ತಂಬರಿ, ಉಪ್ಪಿಗೆ 150, ತಣ್ಣಗಿಡಲು 100, ಲೋಟಕ್ಕೆ 150, ಹಾಲು ಕಾಯಿಸುವ ಗ್ಯಾಸಿಗೆ 40. ಒಟ್ಟು 820. ಚೆಲ್ಲಿದ್ದು, ಹುಳಿಯಾದದ್ದು, ಉಳಿದದ್ದು ನೂರಕ್ಕೆ ಹತ್ತು ಎಂದರೆ ಇನ್ನು 225. ಎಲ್ಲ ಹೋಗಿ ಉಳಿಯುವುದು 1,205 ರೂಪಾಯಿ. ಲೋಟಕ್ಕೆ ಸರಿಸುಮಾರು 8 ರೂಪಾಯಿ.

ಈ 8 ರೂಪಾಯಿಯೂ ಪೂರ್ತಿ ಲಾಭವಲ್ಲ. ಬಾಡಿಗೆ, ಕರೆಂಟು, ಸ್ವಚ್ಛತೆಯ ಶುಲ್ಕ ಸೇರಿ 90 ದಿನಕ್ಕೆ 1,35,000 ರೂಪಾಯಿ ಎಂದುಕೊಳ್ಳಿ. ದಿನಕ್ಕೆ 1,500 ಆಯಿತು. ಊರಿನಿಂದ ಹೋಗಿಬರುವ ವಾಹನಕ್ಕೆ ದಿನಕ್ಕೆ 300. ಮೂವರು ಹೆಣ್ಣುಮಕ್ಕಳ ಕೂಲಿ ತಲಾ 400ರಂತೆ 1,200. ಒಟ್ಟು ದಿನಕ್ಕೆ 3,000. ಲೋಟಕ್ಕೆ 8 ಉಳಿದರೆ, ಕೈಯಿಂದ ಹಾಕದೆ ಇರಲು ದಿನಕ್ಕೆ 375 ಲೋಟ ಮಾರಬೇಕು. ಮಳೆ ಬಂದ ದಿನವೂ, ಮಂಗಳವಾರವೂ.

ವಾರದ ದಿನಗಳಲ್ಲಿ 200 ಲೋಟ, ಶನಿವಾರ-ಭಾನುವಾರ 600 ಲೋಟ ಹೋಯಿತು ಎಂದಿಟ್ಟುಕೊಳ್ಳೋಣ. 64 ದಿನಕ್ಕೆ 12,800, 26 ದಿನಕ್ಕೆ 15,600, ಒಟ್ಟು 28,400 ಲೋಟ. ಎಂಟರಂತೆ 2,27,200 ರೂಪಾಯಿ. ಖರ್ಚು 2,70,000. ಅಂದರೆ 42,800 ನಷ್ಟ.

"ನಾವೇ ನಿಂತು ಮಾಡುತ್ತೇವೆ, ಕೂಲಿ ಯಾಕೆ ಲೆಕ್ಕ ಹಾಕಬೇಕು?" ಎಂದು ಹೆಚ್ಚಿನವರು ಕೇಳುತ್ತಾರೆ. ಸರಿ, ಕೂಲಿ ತೆಗೆದುಬಿಡಿ. ಆಗ 65,200 ರೂಪಾಯಿ ಕೈಯಲ್ಲಿ ಉಳಿದಂತೆ ಕಾಣುತ್ತದೆ. ಊರಿಗೆ ಬಂದು ಲಾಭವಾಯಿತು ಎಂದೂ ಹೇಳಬಹುದು. ಆದರೆ ಮೂವರು 90 ದಿನ ದುಡಿದದ್ದು 270 ಆಳು. ಭಾಗಿಸಿ ನೋಡಿ: ದಿನಕ್ಕೆ 241 ರೂಪಾಯಿ. ಮಧ್ಯಾಹ್ನದಿಂದ ರಾತ್ರಿ ಹತ್ತರವರೆಗೆ ನಿಂತ ಕಾಲಿನಲ್ಲಿ ದುಡಿದದ್ದಕ್ಕೆ, ನಾವೇ ಇಟ್ಟುಕೊಂಡ 400ಕ್ಕೂ ಎಷ್ಟೋ ಕಡಿಮೆ. ಮನೆಯ ಹೆಂಗಸಿನ ದುಡಿಮೆಗೆ ಬೆಲೆ ಕಟ್ಟದೆ ಹಾಕಿದ ಲೆಕ್ಕದಲ್ಲಿ ಯಾವ ವ್ಯಾಪಾರವೂ ಲಾಭವಾಗಿಯೇ ಕಾಣುತ್ತದೆ. ಕೊಟ್ಟಿಗೆಯ ಲೆಕ್ಕದಲ್ಲೂ ನಾವು ಇದನ್ನು ಮರೆಯುತ್ತೇವೆ, ಮಳಿಗೆಯಲ್ಲಾದರೂ ಮರೆಯಬಾರದು.

ಹಾಗಾದರೆ ದಾರಿಯೇ ಇಲ್ಲವೇ? ಇದೆ. ಅದೇ ಬಾಡಿಗೆಯಲ್ಲಿ ಇನ್ನೊಂದು ತಿಂಡಿ ಸೇರಬೇಕು. ಬೆಣ್ಣೆ ಹಾಕಿದ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಇಟ್ಟಿರಿ ಎನ್ನಿ. ಹಿಟ್ಟು, ಬೆಣ್ಣೆ, ಗ್ಯಾಸು, ತಟ್ಟೆ ಎಲ್ಲ ಕಳೆದು ಒಂದಕ್ಕೆ 20 ರೂಪಾಯಿ ಉಳಿದರೆ, ವಾರದ ದಿನ 40, ಶನಿವಾರ-ಭಾನುವಾರ 120 ಹೋದರೆ, ಮೂರು ತಿಂಗಳಿಗೆ 5,680 ರೊಟ್ಟಿ, 1,13,600 ರೂಪಾಯಿ. ರೊಟ್ಟಿ ತಟ್ಟಲು ಇನ್ನೊಬ್ಬರು ಬೇಕು; ಅವರ ಕೂಲಿ 36,000 ಕಳೆದರೆ 77,600. ಮೊದಲಿನ ನಷ್ಟ ತುಂಬಿ, ನಾಲ್ವರಿಗೂ ತಲಾ 36,000 ಕೂಲಿ ಕೊಟ್ಟು, 34,800 ರೂಪಾಯಿ ಗುಂಪಿಗೆ ಉಳಿಯುತ್ತದೆ. ಬಾಡಿಗೆ ಒಂದೇ, ತಿಂಡಿ ಎರಡು. ಮೈದಾನದ ವ್ಯಾಪಾರದ ಗುಟ್ಟು ಇರುವುದು ಇಲ್ಲೇ.

ಸಂಜೆ ಹಾಲು ಕರೆಯುವವರು ಯಾರು?

ಮಳಿಗೆಯಲ್ಲಿ ಜನ ಸೇರುವ ಹೊತ್ತು, ಹಸು ಕರೆಯುವ ಹೊತ್ತು ಎರಡೂ ಒಂದೇ. ಈ ಕೆಲಸದಲ್ಲಿ ದೊಡ್ಡ ತೊಡಕು ಇದೇ. ಪೇಟೆಯ ಹೋಟೆಲಿನವರಿಗೆ ಈ ಸಮಸ್ಯೆ ಇಲ್ಲ, ನಮಗಿದೆ.

ಹಸುವಿಗೆ ಬೇಕಾದ್ದು ಹೊತ್ತಿನ ಕಟ್ಟು. ಬೆಳಿಗ್ಗೆ ಐದಕ್ಕೆ ಕರೆದ ಹಸುವನ್ನು ಸಂಜೆ ಐದಕ್ಕೆ ಕರೆಯುವುದು ಬಿಟ್ಟು ರಾತ್ರಿ ಹತ್ತೂವರೆಗೆ ಕರೆದರೆ ಕೆಚ್ಚಲು ಬಿಗಿದು ನೋಯುತ್ತದೆ, ಹಾಲು ಇಳಿಯುತ್ತದೆ, ಕೆಚ್ಚಲು ಬಾವಿಗೆ ದಾರಿಯಾಗುತ್ತದೆ. ಕೈ ಬದಲಾದರೂ ಕೆಲವು ಹಸುಗಳು ಹಾಲು ಸೊರ ಬಿಡುವುದಿಲ್ಲ. ಆದ್ದರಿಂದ ಮನೆಯಲ್ಲಿ ಬೇರೆಯವರು ಕರೆಯುವುದಾದರೆ ಮಳಿಗೆ ಶುರುವಾಗುವ ಹದಿನೈದು ದಿನ ಮೊದಲೇ ಅವರ ಕೈಗೆ ಹಸುವನ್ನು ಅಭ್ಯಾಸ ಮಾಡಿಸಿ. ಕರೆಯುವ ಹೊತ್ತನ್ನು ಸ್ವಲ್ಪ ಹಿಂದಕ್ಕೆ ತರುವುದಿದ್ದರೆ ದಿನಕ್ಕೆ ಹತ್ತು ನಿಮಿಷದಂತೆ ತನ್ನಿ. ಆದರೆ ಸಂಘ ಬಾಗಿಲು ತೆರೆಯುವ ಬಹಳ ಮೊದಲೇ ಕರೆದು ಹಾಲನ್ನು ಹಾಗೇ ಇಟ್ಟರೆ ಹಾಲು ಕೆಡುತ್ತದೆ, ನೆನಪಿರಲಿ.

ಇನ್ನೊಂದು ನಷ್ಟ ಕಣ್ಣಿಗೆ ಕಾಣುವುದಿಲ್ಲ. ಹಸು ಬೆದೆಗೆ ಬಂದದ್ದನ್ನು ಹೆಚ್ಚಾಗಿ ಗುರುತಿಸುವುದು ಮನೆಯ ಹೆಂಗಸರೇ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಗರ್ಭಧಾರಣೆ ಮಾಡಿಸುವುದು ರೂಢಿ. ಆ ಸಂಜೆ ಕೊಟ್ಟಿಗೆಯಲ್ಲಿ ಯಾರೂ ಇಲ್ಲದಿದ್ದರೆ ಒಂದು ಬೆದೆ ತಪ್ಪಿತು, ಅಂದರೆ 21 ದಿನ ಹೋಯಿತು. ಅಷ್ಟು ದಿನದ ಹಿಂಡಿ, ಬೂಸ, ಮೇವು ದಂಡ. ಮುಂದಿನ ಕರುವೂ, ಮುಂದಿನ ಹಾಲೂ ಅಷ್ಟು ದಿನ ದೂರ ಹೋಯಿತು. ಮಳಿಗೆಯ ಲಾಭದಲ್ಲಿ ಇದನ್ನು ಕಳೆಯದೆ ಲಾಭ ಎನ್ನಲಾಗದು.

ಆದ್ದರಿಂದ ಒಬ್ಬಿಬ್ಬರು ಈ ಕೆಲಸಕ್ಕೆ ಇಳಿಯುವುದು ಬೇಡ. ಎಂಟು ಜನರಾದರೂ ಇರುವ ಗುಂಪು ಬೇಕು, ಪಾಳಿ ಬೇಕು. ಪಾಳಿ ಹಂಚುವಾಗ ವಯಸ್ಸು, ಸಂಬಂಧ ನೋಡುವ ಬದಲು ಕೊಟ್ಟಿಗೆ ನೋಡಿ. ಹಸು ಗಬ್ಬವಾಗಿ, ಹೆರಿಗೆಗೆ ಎರಡು ತಿಂಗಳು ಮುಂಚೆ ಹಾಲು ಬತ್ತಿಸಿ ಬಿಟ್ಟವರಿಗೆ ಸಂಜೆ ಬಿಡುವು ಸಿಗುತ್ತದೆ, ಅವರು ಮಳಿಗೆಯಲ್ಲಿ ನಿಲ್ಲಲಿ. ಹೊಸದಾಗಿ ಕರು ಹಾಕಿದ ಹಸು ಇರುವವರು, ಬೆದೆ ಕಾಯುತ್ತಿರುವವರು ಬೆಳಗಿನ ಕೆಲಸ ಮಾಡಲಿ: ಹಾಲು ಕಾಯಿಸುವುದು, ಹೆಪ್ಪು ಹಾಕುವುದು, ಚಟ್ನಿ ರುಬ್ಬುವುದು. ಕೆಲಸ ಬೇರೆಯಾದರೂ ಕೂಲಿ ಒಂದೇ ಇರಲಿ.

ಸಂಘಕ್ಕೆ ಹಾಲು ನಿಲ್ಲಿಸಬೇಡಿ

ಮಳಿಗೆಗೆ ಬೇಕೆಂದು ಮನೆಯ ಹಾಲನ್ನೆಲ್ಲ ಒಯ್ಯುವುದು ಬುದ್ಧಿವಂತಿಕೆ ಅಲ್ಲ. ವರ್ಷದಲ್ಲಿ ಇಷ್ಟು ದಿನ, ಇಷ್ಟು ಲೀಟರ್ ಹಾಲು ಹಾಕಿದವರಿಗೆ ಮಾತ್ರ ಮತದ ಹಕ್ಕು ಎಂಬ ಷರತ್ತು ಸಂಘದ ಬೈಲಾದಲ್ಲಿರುತ್ತದೆ. ಬೋನಸ್ಸೂ ಹಾಕಿದ ಹಾಲಿನ ಮೇಲೆಯೇ. ಮೂರು ತಿಂಗಳು ಹಾಲು ನಿಲ್ಲಿಸುವ ಮೊದಲು ಕಾರ್ಯದರ್ಶಿಯವರಲ್ಲಿ ಬೈಲಾ ಕೇಳಿ ಓದಿಸಿಕೊಳ್ಳಿ. ಗುಂಪಿನಲ್ಲಿ ಎಂಟು ಮನೆಯಿದ್ದರೆ ವಾರದ ದಿನಗಳಲ್ಲಿ ಒಂದೊಂದು ಮನೆಯಿಂದ ಒಂದೆರಡು ಲೀಟರ್ ಸಾಕು. ಉಳಿದದ್ದು ಎಂದಿನಂತೆ ಸಂಘಕ್ಕೇ ಹೋಗಲಿ. ಪ್ರದರ್ಶನ ಮುಗಿದ ಮರುದಿನವೂ ಹಾಲು ಕೊಳ್ಳುವುದು ಸಂಘವೇ.

ಕಾಯಿಸದ ಹಾಲಿನಲ್ಲಿ ಮೊಸರು, ಪನೀರು ಮಾಡಬೇಡಿ. ಬ್ರುಸೆಲ್ಲಾ, ಕ್ಷಯದಂಥ ರೋಗಗಳು ಹಸಿ ಹಾಲಿನಿಂದ ಮನುಷ್ಯರಿಗೆ ಅಂಟುತ್ತವೆ. ಕೆಚ್ಚಲು ಬಾವಿಗೆ ಇಂಜೆಕ್ಷನ್ ಕೊಡಿಸಿದ ಹಸುವಿನ ಹಾಲನ್ನು ವೈದ್ಯರು ಹೇಳಿದಷ್ಟು ದಿನ ಸಂಘಕ್ಕೂ ಹಾಕಬಾರದು, ಮಳಿಗೆಗೂ ಒಯ್ಯಬಾರದು. ಸಂಘದಲ್ಲಿ ತಿರಸ್ಕರಿಸಿದ ಹಾಲು ಮಳಿಗೆಗೆ ಬಂತು ಎಂಬ ಸುದ್ದಿ ಒಮ್ಮೆ ಹಬ್ಬಿದರೆ ಆ ಊರಿನ ಹಾಲಿನ ಮೇಲಿನ ನಂಬಿಕೆಯೇ ಹೋಗುತ್ತದೆ.

'ನಂದಿನಿ' ಎಂಬ ಹೆಸರು ಕರ್ನಾಟಕ ಹಾಲು ಮಹಾಮಂಡಳದ್ದು. ಹಾಲು ಹಾಕುವವರು ನಾವೇ ಆದರೂ, ನಾವು ಮಾಡಿದ ಪೇಡ, ಮಜ್ಜಿಗೆಗೆ ಆ ಹೆಸರು ಬರೆಯುವಂತಿಲ್ಲ. ನಂದಿನಿ ಉತ್ಪನ್ನಗಳನ್ನೇ ಮಾರುವ ಮನಸ್ಸಿದ್ದರೆ ಒಕ್ಕೂಟದ ಮಾರುಕಟ್ಟೆ ವಿಭಾಗದಲ್ಲಿ ವಿಚಾರಿಸಿ. ಅದರಲ್ಲಿ ಲೋಟಕ್ಕೆ ಸಿಗುವುದು ಕಡಿಮೆ, ಆದರೆ ಅಡುಗೆಯ ಕಷ್ಟವಿಲ್ಲ.

ಕಾನೂನು, ಶುಚಿ, ಬಣ್ಣ

ಮೂರೇ ತಿಂಗಳ ಮಳಿಗೆಯಾದರೂ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಬೇಕು. 2011ರ ನಿಯಮಾವಳಿ ತಾತ್ಕಾಲಿಕ ಮಳಿಗೆಯವರನ್ನೂ ಹೆಸರಿಸಿಯೇ ಸೇರಿಸಿದೆ. ಅದರಲ್ಲಿ ವರ್ಷಕ್ಕೆ 12 ಲಕ್ಷ ರೂಪಾಯಿ ವಹಿವಾಟಿನೊಳಗಿನವರಿಗೆ 100 ರೂಪಾಯಿ ಶುಲ್ಕದ ಸರಳ ನೋಂದಣಿ ಇಡಲಾಗಿತ್ತು. ಈಗಿನ ಮಿತಿ, ಶುಲ್ಕವನ್ನು ಆಹಾರ ಸುರಕ್ಷತಾ ಅಧಿಕಾರಿಗಳಲ್ಲಿ ಕೇಳಿ ಅರ್ಜಿ ಹಾಕಿ. ನೋಂದಣಿ ಪತ್ರ ಮಳಿಗೆಯಲ್ಲಿ ಎದ್ದು ಕಾಣುವಂತಿರಲಿ. ಅಡುಗೆ ಮಾಡುವ, ಬಡಿಸುವ ಎಲ್ಲರೂ ವೈದ್ಯಕೀಯ ತಪಾಸಣೆ ಮಾಡಿಸಿಕೊಂಡಿರಬೇಕು.

2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನೂ ಬಣ್ಣದ ಬೊಂಬಾಯಿ ಮಿಠಾಯಿಯನ್ನೂ ನಿಷೇಧಿಸಿತು. ಆಗ ತಪಾಸಣೆ ಮಾಡಿದ 171 ಗೋಬಿ ಮಾದರಿಗಳಲ್ಲಿ 107 ಅಸುರಕ್ಷಿತ ಎಂದು ಕಂಡುಬಂದಿದ್ದವು. ಬಟ್ಟೆಗೆ ಹಾಕುವ ರೋಡಮೈನ್-ಬಿ ಎಂಬ ಬಣ್ಣವೂ ತಿಂಡಿಯಲ್ಲಿ ಸಿಕ್ಕಿತ್ತು. ಆ ವರ್ಷವೇ ಕಬಾಬಿನ ಕೃತಕ ಬಣ್ಣಕ್ಕೂ ನಿಷೇಧ ಬಂತು. ಪಕ್ಕದ ಅಂಗಡಿಯ ಬಜ್ಜಿ ಕೆಂಪಗೆ ಹೊಳೆಯುತ್ತಿದೆ ಎಂದು ನಾವು ಬಣ್ಣದ ಪುಡಿ ಕೊಳ್ಳುವುದು ಬೇಡ. ಬಾದಾಮಿ ಹಾಲಿಗೆ ಅರಿಸಿನದ ಚಿಟಿಕೆ, ಕೇಸರಿಯ ಎಸಳು ಸಾಕು.

ಕೆಲವು ನಿಯಮಗಳನ್ನು ಗೋಡೆಗೆ ಅಂಟಿಸಿಟ್ಟುಕೊಳ್ಳಿ:

• ತಣ್ಣಗಿನದು 5 ಡಿಗ್ರಿಗಿಂತ ಕೆಳಗೆ, ಬಿಸಿಯದು 60 ಡಿಗ್ರಿಗಿಂತ ಮೇಲೆ. ನಡುವಿನ ಶಾಖದಲ್ಲಿ ರೋಗಾಣು ಬೆಳೆಯುತ್ತದೆ. ಮೊಸರನ್ನು ಐಸ್ ಪೆಟ್ಟಿಗೆಯಲ್ಲೇ ಒಯ್ಯಿರಿ. ಬೇಕಾದಷ್ಟೇ ಮಜ್ಜಿಗೆ ಕಡೆಯಿರಿ.
• ಮಜ್ಜಿಗೆಗೆ ಹಾಕುವ ನೀರು, ಐಸು ಎರಡೂ ಕುಡಿಯಲು ಯೋಗ್ಯವಾದದ್ದೇ ಆಗಿರಲಿ. ಮೀನು, ಪಾನೀಯದ ಬಾಟಲಿ ತಣ್ಣಗಿಡಲು ತರುವ ಐಸನ್ನು ಲೋಟಕ್ಕೆ ಹಾಕಬಾರದು.
• ಕರಿದ ಎಣ್ಣೆ ಕಪ್ಪಾಗಿ, ಗಟ್ಟಿಯಾಗಿ, ಹೊಗೆ ಬರತೊಡಗಿದರೆ ಚೆಲ್ಲಿ. ನಾಳೆಗೆಂದು ಹೊಸ ಎಣ್ಣೆಗೆ ಬೆರೆಸಬೇಡಿ.
• ತಿಂಡಿಯನ್ನು ಪೇಪರಿನಲ್ಲಿ ಸುತ್ತಿಕೊಡುವುದು ನಿಷಿದ್ಧ. ಮುದ್ರಣದ ಶಾಯಿ ಎಣ್ಣೆಗೆ ಇಳಿಯುತ್ತದೆ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಕ್ಕೆ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧವಿದೆ. ಮುತ್ತುಗದ ಎಲೆ, ಅಡಿಕೆ ಹಾಳೆ ತಟ್ಟೆ ಬಳಸಿ.
• ಮನೆಯ 14.2 ಕೆ.ಜಿ. ಸಿಲಿಂಡರ್ ಮಳಿಗೆಗೆ ಒಯ್ಯುವಂತಿಲ್ಲ; ವಾಣಿಜ್ಯ ಬಳಕೆಯ 19 ಕೆ.ಜಿ. ಸಿಲಿಂಡರ್ ಬೇಕು. ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಲ್ಲಿರಲಿ, ಅದನ್ನು ಬಳಸುವುದು ಎಲ್ಲರಿಗೂ ಗೊತ್ತಿರಲಿ. ಒಲೆಯ ಹತ್ತಿರ ನೈಲಾನ್ ಸೀರೆ ಬೇಡ, ಹತ್ತಿಯದೇ ಆಗಲಿ.

ಕರಾರಿಗೆ ಸಹಿ ಹಾಕುವ ಮುನ್ನ

ಇಂಥ ಮೈದಾನಗಳಲ್ಲಿ ಎಷ್ಟೋ ಸಲ ದೊಡ್ಡ ಗುತ್ತಿಗೆದಾರರೊಬ್ಬರು ಜಾಗ ಹಿಡಿದು, ಮಳಿಗೆ ಮಳಿಗೆಯಾಗಿ ಒಳಬಾಡಿಗೆಗೆ ಕೊಡುತ್ತಾರೆ. ಬಾಯಿಮಾತಿನ ಮೇಲೆ ಮುಂಗಡ ಕೊಡಬೇಡಿ. ಒಟ್ಟು ಬಾಡಿಗೆ ಎಷ್ಟು, ಎಷ್ಟು ಕಂತು, ಕರೆಂಟು ಮೀಟರಿನ ಪ್ರಕಾರವೋ ಬಲ್ಬಿನ ಲೆಕ್ಕವೋ, ನೀರು ಎಲ್ಲಿಂದ, ಪ್ರದರ್ಶನ ತಡವಾಗಿ ಶುರುವಾದರೆ ಬಾಡಿಗೆ ಇಳಿಯುತ್ತದೆಯೇ, ನಮ್ಮ ಪಕ್ಕದಲ್ಲೇ ಇನ್ನೊಂದು ಮಜ್ಜಿಗೆ ಅಂಗಡಿಗೆ ಜಾಗ ಕೊಡುತ್ತಾರೆಯೇ, ಹೆಂಗಸರ ಶೌಚಾಲಯ ಎಷ್ಟು ದೂರ: ಎಲ್ಲ ಕೇಳಿ, ಕಾಗದದ ಮೇಲೆ ಬರೆಸಿಕೊಳ್ಳಿ. ಜಾಗ ಆರಿಸುವಾಗ ಆಟಗಳ ಕಡೆಯಿಂದ ಹೊರಗೆ ಬರುವ ದಾರಿ ನೋಡಿ. ಜೈಂಟ್ ವೀಲ್ ಹತ್ತುವ ಮುಂಚೆ ಯಾರೂ ತಿನ್ನುವುದಿಲ್ಲ. ಇಳಿದ ಮೇಲೆಯೇ ಮಕ್ಕಳಿಗೆ ಹಸಿವು, ದೊಡ್ಡವರಿಗೆ ದಾಹ.

ಈಗ ಅರ್ಧಕ್ಕರ್ಧ ಜನ ಫೋನಿನಲ್ಲೇ ದುಡ್ಡು ಹಾಕುತ್ತಾರೆ. ಗೋಡೆಗೆ ಅಂಟಿಸುವ ಕ್ಯೂಆರ್ ಕೋಡ್ ಯಾರ ಖಾತೆಯದು? ಮಗನದ್ದೋ, ಯಜಮಾನರದ್ದೋ ಆದರೆ ದುಡಿದವರ ಕೈಗೆ ದುಡ್ಡು ಬರುವುದು ಅವರು ಕೊಟ್ಟಾಗ. ಗುಂಪಿನ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆದು, ಇಬ್ಬರ ಸಹಿ ಇಟ್ಟು, ಆ ಖಾತೆಯ ಕೋಡನ್ನೇ ಹಾಕಿ. ಪ್ರತಿ ರಾತ್ರಿ ನಗದು, ಫೋನಿನ ಹಣ, ಉಳಿದ ಸಾಮಾನು ಮೂರನ್ನೂ ಒಂದು ಪುಸ್ತಕದಲ್ಲಿ ಬರೆದು ಇಬ್ಬರು ಸಹಿ ಮಾಡಿ. ಸಂಘದಲ್ಲಿ ಹಾಲಿನ ಅಳತೆಯನ್ನು ದಿನಾ ಬರೆಸಿಕೊಳ್ಳುವ ನಮಗೆ ಈ ಶಿಸ್ತು ಹೊಸದೇನಲ್ಲ.

ರಾತ್ರಿ ಹತ್ತರ ಮೇಲೆ ಊರಿಗೆ ಮರಳುವ ವಾಹನ ಮೊದಲೇ ಗೊತ್ತು ಮಾಡಿ. ಬಸ್ಸು ಸಿಗಬಹುದು ಎಂಬ ನಂಬಿಕೆಯ ಮೇಲೆ ಮಳಿಗೆ ಹಿಡಿಯಬೇಡಿ.

ಮೊದಲು ಸಣ್ಣದರಲ್ಲಿ

ನೇರವಾಗಿ ಮೂರು ತಿಂಗಳ ಮಳಿಗೆಗೆ ಕೈಹಾಕುವ ಬದಲು ನಿಮ್ಮ ಊರಿನ ಜಾತ್ರೆಯಲ್ಲಿ ಮೂರು ದಿನ ಮಾಡಿ ನೋಡಿ. ಗಂಟೆಗೆ ಎಷ್ಟು ಲೋಟ ಕೊಡಲಾಗುತ್ತದೆ, ಎಷ್ಟು ಉಳಿಯುತ್ತದೆ, ಯಾರ ಕೈ ಚುರುಕು, ಯಾರಿಗೆ ಚಿಲ್ಲರೆ ಲೆಕ್ಕ ಸುಲಭ ಎಂಬುದು ಮೂರು ದಿನದಲ್ಲಿ ಗೊತ್ತಾಗುತ್ತದೆ. ಮುಂದಿನ ಮೆಟ್ಟಿಲು ದಸರಾ ಆಹಾರ ಮೇಳ, ಸ್ವಸಹಾಯ ಸಂಘಗಳಿಗೆಂದೇ ನಡೆಯುವ ಸರಸ್ ಮೇಳ. ಅವು ಕೆಲವೇ ದಿನ ನಡೆಯುವಂಥವು. ನಷ್ಟವಾದರೂ ತಡೆದುಕೊಳ್ಳಬಹುದಾದಷ್ಟೇ ಆಗುತ್ತದೆ. ವಸ್ತುಪ್ರದರ್ಶನ ಅದರ ನಂತರ.

ಈ ವರ್ಷ ಮಳಿಗೆ ಹಾಕುವ ಯೋಚನೆ ಇರುವ ಗುಂಪಿನವರು ಮುಂದಿನ ಸಭೆಗೆ ಬರುವಾಗ ಮೂರು ಕಾಗದ ತನ್ನಿ. ಒಂದರಲ್ಲಿ ಮೇಲೆ ಹೇಳಿದಂತೆ ನಿಮ್ಮ ದರಗಳ ಲೆಕ್ಕ, ಒಂದರಲ್ಲಿ ಪ್ರತಿ ಸದಸ್ಯೆಯ ಹಸುಗಳ ಪಟ್ಟಿ (ಯಾವುದು ಕರೆಯುತ್ತಿದೆ, ಯಾವುದು ಗಬ್ಬ, ಯಾವುದು ಬೆದೆಗೆ ಬರಬೇಕು), ಇನ್ನೊಂದರಲ್ಲಿ ಸಂಜೆ ಕೊಟ್ಟಿಗೆ ನೋಡಿಕೊಳ್ಳುವವರ ಹೆಸರು. ಮೂರನೆಯ ಕಾಗದದಲ್ಲಿ ಒಂದು ಮನೆಯ ಸಾಲು ಖಾಲಿ ಇದ್ದರೂ ಅದನ್ನು ತುಂಬಿದ ಮೇಲೆಯೇ ಮುಂಗಡ ಕೊಡಿ.